ಬಳೆಯಷ್ಟು ಸುತ್ತು

ಮೊದಲು ಆ ಕಬ್ಬಿಣದ ಚೌಕಟ್ಟು ಮುಟ್ಟು, ಎರ್ರಿಸ್ವಾಮಿ.
ಪಾಲಿಸ್ಟರ್ ಅಂಗಿ ತೊಟ್ಟು ಬಂದೀಯ, ಏಪ್ರಿಲ್ಲು ಬೇರೆ,
ಬಳ್ಳಾರಿ ಗಾಳಿಯಾಗೆ ಒಂದು ಹನಿ ಪಸೆಯಿಲ್ಲ.
ಬೆರಳ ತುದಿಯಾಗೆ ಕೂತ ಕಿಡಿ
ನಿನಗೆ ಚುರುಕ್ ಅಂತೈತೆ ಅಷ್ಟೆ,
ಇದಕ್ಕೆ ಸಿಡಿಲು.

ನನ್ನ ಬಳೆ ಮೊಳೆಗೆ ಹಾಕೀನಿ. ಎಂಟು.

ಆರಿಸಿದ ಕೂಡಲೆ ಎಳೀಬ್ಯಾಡ.
ಕರೆಂಟ್ ಹೋದ ಮ್ಯಾಲೂ ಒಳಗೆ ತಟ್ಟೆ ತಿರುಗುತ್ತೆ, ಬುಗುರಿ ಹಂಗೆ.
ಅಂಗೈ ಇಟ್ಟು ನೋಡು, ನಡುಕ ನಿಲ್ಲಲಿ.
ಕೆಳಗಿನ ಜೀನ್ಸ್ ಮಿಷನ್ನುಗಳು ನೆಲಾನೇ ನಡುಗಿಸ್ತಾವೆ;
ಯಾವ ನಡುಕ ಯಾವುದರದು ಅಂತ ಕೈಗೆ ತಿಳಿಯಾಕೆ
ಆರು ತಿಂಗಳು ಬೇಕು.

ಸ್ಪಂಜಿನ ಮ್ಯಾಲೆ ಇಡು. ಪೇರಿಸಬ್ಯಾಡ,
ರೊಟ್ಟಿ ಅಲ್ಲ ಇವು.
ಪಟ್ಟಿ ಅಂಟಿಸಿ ನಂಬರ್ ಬರಿ, ಹನ್ನೆರಡರ ತನಕ.

ಯಾರ ಎಕ್ಸ್‌ರೇ ಎಷ್ಟನೇದರಾಗೆ ಅಂತೀಯ?
ಯಾವುದರಾಗೂ ಪೂರ್ತಿ ಇಲ್ಲ.
ಗಣಿ ಲಾರಿ ಹತ್ತಿದ ಒಬ್ಬನ ಮೊಣಕಾಲನ್ನ
ಹನ್ನೆರಡು ಮನೆಗೆ ಹಂಚಿ ಇಟ್ಟಾರೆ.
ಒಂದು ಬಿದ್ದರೆ ಉಳಿದವು ಲೆಕ್ಕ ಹಾಕಿ ಹೇಳ್ತಾವೆ,
ಎರಡು ಬಿದ್ದರೂ ತಡಕಾಡಿ ಹೇಳ್ತಾವೆ.
ಮೂರನೇದು ನಿನ್ನ ಕೈ ಜಾರಿದರೆ
ಆ ಮನುಷ್ಯ ಕುಂಟುತ್ತಾ ಮತ್ತೆ ಬರಬೇಕು,
ಎಲ್ಲಿ ನೋವು ಅಂತ ಮೊದಲಿಂದ ಹೇಳಾಕೆ.

ಡಬ್ಬ ಖಾಲಿ ಅಂತ ಒಬ್ಬನೇ ಎತ್ತಬ್ಯಾಡ.
ಆ ಕಡೆ ನೀನು, ಈ ಕಡೆ ನಾನು.
ಹೊಸ್ತಿಲು.
ನೋಡು, ಫ್ಯಾನಿನ ಬಾಯಿಗೆ ಅದಿರಿನ ಧೂಳು,
ಕುಂಕುಮ ಮೆತ್ತಿದಂಗೆ.

ವೈರು ಎರಡು. ಒಂದು ಯುಪಿಎಸ್ಸಿಗೆ, ಒಂದು ಗೋಡೆಗೆ.
ಎರಡನ್ನೂ ಒಂದೇ ಬೋರ್ಡಿಗೆ ಚುಚ್ಚಿದ್ಯಾ?
ಎರಡು ಹಗ್ಗ ಹಾಕಿ, ಎಮ್ಮೇನ
ಒಂದೇ ಸಡಿಲ ಗೂಟಕ್ಕೆ ಕಟ್ಟಿದಂಗಾತು.

ಈ ತಿಳಿನೀಲಿ ಎಳೆ ಗಾಜು. ಕೂದಲಿಗಿಂತ ಸಣ್ಣ ಗಾಜು.
ತುದಿಗೆ ಕಣ್ಣಿಟ್ಟು ಇಣುಕಬ್ಯಾಡ,
ಕಾಣದ ಬೆಳಕೂ ಸುಡುತ್ತೆ.
ಎಷ್ಟು ಬಗ್ಗಿಸಬಹುದು ಅಂದ್ಯಲ್ಲ,
ತಗೊಂಬಾ ಮೊಳೆ ಮ್ಯಾಲಿನ ಒಂದು ಬಳೆ.
ಇದಕ್ಕಿಂತ ಕಿರಿದು ಸುತ್ತಿದರೆ
ಬೆಳಕು ಒಳಗೇ ದಾರಿ ತಪ್ಪುತ್ತೆ.
ಬಿಗಿದು ಕಟ್ಟಬ್ಯಾಡ. ಕೆಳಗೆ ರಜಾಕ್ ಮಾಸ್ತರು
ಕೊಟ್ಟ ವೆಲ್ಕ್ರೋ ಐತೆ. ಒಂದು ಬೆರಳು ತೂರಬೇಕು ನಡುವೆ,
ಮಕ್ಕಳ ಉಡದಾರದಾಗೆ ತೂರಿ ನೋಡ್ತಾರಲ್ಲ, ಹಂಗೆ.

ಹಾಕು ಸ್ವಿಚ್ಚು.
ಹನ್ನೊಂದು ಹಸಿರು. ಏಳನೇದು ಕಿತ್ತಳೆ, ಮಿಟುಕ್ತಾ ಐತೆ.
ಮುಟ್ಟಬ್ಯಾಡ ಅಂದ್ನಲ್ಲ!
ಕೂತ್ಕೋ. ಚಾ ಹೇಳ್ತೀನಿ.
ಕಾಯೋದೂ ಕೆಲಸಾನೇ.

*

ರಾತ್ರಿ ಕೌಲ್‌ಬಜಾರಿನಾಗೆ ಕೈ ತೊಳೀವಾಗ
ಬಳೆ ಸಪ್ಪಳ ಒಂದು ಕಮ್ಮಿ.
ಏಳು.
ಆ ಸುತ್ತಿನ ಒಳಗೇ ಉಳಿದೈತೆ ಅದು.
ಇರಲಿ.
ಒಂದು ಬಳೆಗೆ ಮತ್ತೆ ಬಾಗಿಲು ತೆಗೆದು
ಧೂಳು ಒಳಗೆ ಬಿಡೋದು ಯಾರು.