ಹಾಲಿನ ಲೆಕ್ಕ

ಕ್ವಾರ್ಟರ್ಸು ಖಾಲಿ ಮಾಡಲು ಇನ್ನು ಹನ್ನೊಂದು ದಿನ.
ತಿಪ್ಪೇಶ ಆಗಲೇ ರದ್ದಿಯವನಿಗೆ ಹೇಳಿಬಿಟ್ಟಿದ್ದಾನೆ,
ಕಾಗದ ಕಿಲೋಗೆ ಹನ್ನೆರಡು, ರಟ್ಟಿಗೆ ಎಂಟು.
ಭದ್ರಾವತಿಯ ಕಾಗದನಗರ ಇದು.
ಇಲ್ಲಿ ಕಾಗದಕ್ಕಾಗಿ ಯಾರೂ ಅಳುವುದಿಲ್ಲ.

ಆದರೂ ಟ್ರಂಕು ತೆಗೆದು ಕೂತಿದ್ದೇನೆ.
ಮೆತ್ತನೆಯ ಬ್ರಷ್ಷು, ಅಪ್ಪನ ಹಳೆ ಪಂಚೆ, ಒಂದು ಹಿಡಿ ಲವಂಗ.
ಮೊದಲು ಗುಂಡುಪಿನ್ನು ಕೀಳಬೇಕು,
ತಾನು ಹಿಡಿದುಕೊಂಡದ್ದನ್ನೇ ತಿನ್ನುತ್ತದೆ ತುಕ್ಕು.
ಒಂದು ಬೆಳ್ಳಿಹುಳ ಓಡಿತು.
ಅದಕ್ಕೆ ಅಕ್ಷರ ಬೇಡ, ಅಂಟು ಸಾಕು.

ಅಪ್ಪನ ಪಗಾರಚೀಟಿಗಳು:
ಹಾಲೇಶಪ್ಪ, ಟೋಕನ್ ೨೨೧೪, ಪಲ್ಪ್ ವಿಭಾಗ.
ಬಿದಿರು ಬೇಯಿಸಿದವನ ಸಂಬಳವನ್ನು
ಅದೇ ಬಿದಿರಿನ ಮೇಲೆ ಅಚ್ಚೊತ್ತಿ ಕೊಟ್ಟಿದ್ದಾರೆ.
ಮೂಸಿದೆ. ಅಪ್ಪನ ಬನಿಯನ್ನಿನ ವಾಸನೆಯಿಲ್ಲ,
ಬರೀ ಟ್ರಂಕಿನದು.
ಸೀಮೆಎಣ್ಣೆ ಕಾರ್ಡು, ಕರೆಂಟು ಬಿಲ್ಲು,
ನನಗೆ ದಡಾರದ ಚುಚ್ಚುಮದ್ದು ಹಾಕಿಸಿದ ಚೀಟಿ,
ಹೊಲಿಗೆ ಮಿಷನ್ನಿನ ಕಂತಿನ ರಸೀದಿ,
ಕೊನೆಯದಕ್ಕೆ ಅಮ್ಮ ಕುಂಕುಮ ಹಚ್ಚಿದ್ದಾಳೆ.

ತಳದಲ್ಲಿ ಕ್ಯಾಲೆಂಡರುಗಳು. ಮೂವತ್ತೊಂದು ವರ್ಷ,
ಸುರುಳಿ ಸುತ್ತಿ, ಹರಿದ ಸೀರೆಯಂಚಿನಲ್ಲಿ ಕಟ್ಟಿ.
ಅಮ್ಮನಿಗೆ ಬರೆಯಲು ಬರುತ್ತಿರಲಿಲ್ಲ, ಅಂದರೆ
ನಮ್ಮ ಅಕ್ಷರ ಬರುತ್ತಿರಲಿಲ್ಲ.
ಒಂದು ಗೀಟು: ಅರ್ಧ ಲೀಟರು ಹಾಲು.
ಸೊನ್ನೆ: ರುದ್ರವ್ವ ಬರಲಿಲ್ಲ.
ಕತ್ತರಿ ಗುರುತು: ಬಂದಳು, ನೀರು ಬೆರೆಸಿದ್ದಳು,
ದುಡ್ಡು ಕೊಡುವಾಗ ನೆನಪಿರಲಿ.
ತಿಂಗಳ ಕೊನೆಗೆ ಕೂಡಿ ಹೇಳುತ್ತಿದ್ದವಳು ನಾನೇ.

ನನಗೆ ಕಾಣದೇ ಹೋದದ್ದು ಮೂಲೆಯ ಚುಕ್ಕೆ.
ಕಾಡಿಗೆಯದು, ಸಾಸಿವೆಯಷ್ಟು.
ಇಪ್ಪತ್ತೆಂಟು ದಿನಕ್ಕೊಮ್ಮೆ, ಇಪ್ಪತ್ತೊಂಬತ್ತಕ್ಕೊಮ್ಮೆ.
ನಲವತ್ತು ದಾಟಿದ ಹೆಂಗಸು ನಾನು,
ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.
ಎಪ್ಪತ್ತೊಂಬತ್ತರಲ್ಲಿ ಚುಕ್ಕೆ ವರ್ಷವಿಡೀ ಮಾಯ: ಅದು ನಾನು.
ಎಂಬತ್ಮೂರರಲ್ಲಿ ಮತ್ತೆ ಮಾಯ: ಆಚೆ ಫೋನಿನಲ್ಲಿ
ಟೆಂಪೋ ಬಾಡಿಗೆ ಚೌಕಾಸಿ ಮಾಡುತ್ತಿದ್ದಾನಲ್ಲ, ಅವನು.

ಎಂಬತ್ತೇಳರ ಯುಗಾದಿಯಿಂದ ಮತ್ತೊಮ್ಮೆ ಚುಕ್ಕೆಯಿಲ್ಲ.
ಮೇ ತಿಂಗಳಿಂದ ಗೀಟು ಎರಡೆರಡು.
‘ಎರಡ್ಯಾಕಮ್ಮ?’ ಅಂತ ಕೇಳಿದ್ದು ನೆನಪಿದೆ.
‘ಮೊಸರಿಗೆ ಕಣೆ’ ಅಂದಿದ್ದಳು, ನಾನು ಕೂಡಿದ್ದೆ.
ಆಗಸ್ಟ್ ಹದಿನೇಳು, ಹದಿನೆಂಟು, ಹತ್ತೊಂಬತ್ತು:
ಸೊನ್ನೆ, ಸೊನ್ನೆ, ಸೊನ್ನೆ.
ಅಮ್ಮನ ಕೈಯವಲ್ಲ. ದೊಡ್ಡವು, ನೀಲಿ ಪೆನ್ನಿನವು,
ಮೂರನೆಯದರಲ್ಲಿ ಕಾಗದ ತೂತು ಬಿದ್ದಿದೆ.
ಆ ದಿನಗಳಲ್ಲಿ ನಾವು ಪಕ್ಕದ ಜುಲೇಖಾಬಿಯವರಲ್ಲಿ ಉಂಡೆವು,
ಸೇಮಿಗೆ ಪಾಯಸವಿತ್ತು, ಬೇರೇನೂ ನೆನಪಿಲ್ಲ.
ಇಪ್ಪತ್ತರಿಂದ ಒಂದೇ ಗೀಟು.

ಪಗಾರಚೀಟಿ ಹುಡುಕಿದೆ. ಆಗಸ್ಟ್, ಎಂಬತ್ತೇಳು.
ಗೈರುಹಾಜರಿ ಮೂರು ದಿನ.
ಕಡಿತ ನೂರ ಹದಿನಾಲ್ಕು ರೂಪಾಯಿ.
ಕಾರಣಕ್ಕೆ ಕಾಲಮ್ಮಿಲ್ಲ.

ಇಬ್ಬರೂ ಹೋದರು, ಒಂದು ಮಾತಾಡದೆ.
ಮಾತಾಡಿದ್ದರೋ ಏನೋ, ನಾವು ನಿದ್ದೆಹೋದ ಮೇಲೆ.

ಕಟ್ಟುಗಳ ಮೇಲೆ ಪೆನ್ಸಿಲಿನಲ್ಲಿ ಹೆಸರು ಬರೆಯುತ್ತಿದ್ದೇನೆ.
ಶಾಯಿಯಾದರೆ ಒಳಗಿಳಿಯುತ್ತದೆ.
ಪಗಾರ. ಕರೆಂಟು. ರೇಷನ್ನು.
ಕ್ಯಾಲೆಂಡರಿನ ಕಟ್ಟಿಗೆ ಬಂದಾಗ ಕೈ ನಿಂತಿತು.
ಗೇಟಿನಲ್ಲಿ ರದ್ದಿಯವನು ತಕ್ಕಡಿ ಇಳಿಸಿದ.
ತಿಪ್ಪೇಶ ಇಣುಕಿ, ‘ಅದೇನಕ್ಕ ಅದು?’ ಅಂದ.
‘ಹಾಲಿನ ಲೆಕ್ಕ’ ಅಂದೆ, ಹಾಗೇ ಬರೆದೆ.
ಅವಳೂ ಹಾಗೇ ಅನ್ನುತ್ತಿದ್ದಳು.

ಅವನು ಆಚೆ ಹೋದ ಮೇಲೆ
ಆಗಸ್ಟಿನ ಆ ಚೀಟಿಯೊಂದನ್ನು ಪಗಾರದ ಕಟ್ಟಿನಿಂದ ಬಿಡಿಸಿ
ಮೂರು ಸೊನ್ನೆಗಳ ಹಾಳೆಯ ಮಗ್ಗುಲಿಗಿಟ್ಟೆ.
ಪಿನ್ನು ಹಾಕಲಿಲ್ಲ.