ಎಷ್ಟು ಗಂಟೆ ನೋಡುತ್ತೀರಿ?

ಕೊಣಾಜೆ ಗುಡ್ಡದ ಮೇಲೆ, ಎರಡನೇ ವಾರ,
ಮೇಡಂ ಬೋರ್ಡಿನಲ್ಲಿ ಬರೆದರು: ಪ್ರೇಕ್ಷಕ.
ಕೆಳಗೊಂದು ಗೆರೆ ಎಳೆದರು.
ನಾವು ಹದಿನಾಲ್ಕು ಮಂದಿ
ಆ ಗೆರೆಯನ್ನೂ ಬರೆದುಕೊಂಡೆವು.

ಮೂವತ್ತು ಮನೆ, ಇಪ್ಪತ್ತೆರಡು ಪ್ರಶ್ನೆ,
ಸೋಮವಾರದೊಳಗೆ.
ಇಂಗ್ಲಿಷಿನಲ್ಲಿ ಹುಟ್ಟಿದ ಪ್ರಶ್ನೆ
ದೇರಳಕಟ್ಟೆ ದಾಟುವಾಗ ಬಸ್ಸಿನಲ್ಲೇ ಕನ್ನಡವಾಯಿತು,
ಕುಂಪಲದ ಇಳಿಜಾರಿನಲ್ಲಿ ತುಳುವಾಯಿತು,
ನಮ್ಮ ಜಗಲಿ ಹತ್ತುವಾಗ ಅರ್ಧ ಉಳಿದಿತ್ತು.

ಮೊದಲ ಮನೆ ನಮ್ಮದೇ. ಸುಲಭವೆಂದುಕೊಂಡೆ.
ಹೆಸರು: ಜಲಜಾಕ್ಷಿ. ವಯಸ್ಸು: ನಲವತ್ತೊಂಬತ್ತು.
ಉದ್ಯೋಗ: ಬೀಡಿ ಕಟ್ಟುವುದು.
ದಿನಕ್ಕೆ ಎಷ್ಟು ಗಂಟೆ ಟಿವಿ ನೋಡುತ್ತೀರಿ?

ಅಮ್ಮ ಎಲೆಯಿಂದ ಕಣ್ಣೆತ್ತಲಿಲ್ಲ.
ಮಡಿಲಲ್ಲಿ ಗೆರಸೆ, ಗೆರಸೆಯ ಮೂಲೆಯಲ್ಲಿ ಹೊಗೆಸೊಪ್ಪು,
ತೋರುಬೆರಳಿಗೆ ಸುತ್ತಿದ ನೂಲು.
"ಯಾನ್ ತೂಪುಜಿ ಮಗಾ, ಕೇಣುವೆ."
ನಾನು ನೋಡುವುದಿಲ್ಲ, ಕೇಳುತ್ತೇನೆ.

ನಿಜ. ಹನ್ನೊಂದು ವರ್ಷದಿಂದ
ಟಿವಿ ಅವಳ ಬೆನ್ನ ಹಿಂದೆ.
ಬೆಳಕು ಬರುವುದು ಬಾಗಿಲಿನಿಂದ, ಅವಳ ಮುಖ ಬಾಗಿಲಿಗೆ.
ಧಾರಾವಾಹಿಯ ಅತ್ತೆಗೆ ಅವಳು ಕೊಟ್ಟ ಮುಖ
ಸೊಸೈಟಿಯಲ್ಲಿ ಅಕ್ಕಿ ತೂಗುವವಳದು.
ಒಮ್ಮೆ ಕರೆಂಟು ಹೋಗಿ ಬಂದಾಗ
ತಿರುಗಿ ನೋಡಿ ನಕ್ಕಳು:
"ಇವಳಾ? ಇಷ್ಟು ಸಣ್ಣ ಪ್ರಾಯದವಳಾ?"
ಮತ್ತೆ ತಿರುಗಲಿಲ್ಲ.
ತನ್ನ ಅತ್ತೆಯೇ ಸಾಕಿತ್ತು ಅವಳಿಗೆ.

ಯಾವ ಚೌಕಕ್ಕೆ ಟಿಕ್ ಹಾಕಲಿ?
ಒಂದರಿಂದ ಮೂರು, ಮೂರರಿಂದ ಐದು, ಐದಕ್ಕೂ ಹೆಚ್ಚು.
ಅವಳ ಗಡಿಯಾರವೇ ಬೇರೆ:
ಒಂದು ಧಾರಾವಾಹಿಗೆ ಎರಡು ಕಟ್ಟು, ಜಾಹೀರಾತು ಸೇರಿ.
ವಾರ್ತೆಗೆ ಒಂದೂವರೆ.

ವಾರ್ತೆಗೆ ಯಾಕೆ ಕಡಿಮೆ ಎಂಬುದು
ಇಪ್ಪತ್ತೆರಡರಲ್ಲಿ ಇರಲಿಲ್ಲ.
ನನಗೆ ಗೊತ್ತು.
ನಮ್ಮ ಊರಿನ ಹೆಸರು ಕೆಂಪು ಪಟ್ಟಿಯಲ್ಲಿ ಓಡುವ ಸಂಜೆ
ಅಮ್ಮ ಗೆರಸೆ ಇಳಿಸಿ, ಸೊಂಟಕ್ಕೆ ಕೈಕೊಟ್ಟು,
ಎದ್ದು ಹೋಗಿ ವಾಲ್ಯೂಮ್ ತಗ್ಗಿಸುತ್ತಾಳೆ.
(ರಿಮೋಟು ಕೆಟ್ಟು ಎಷ್ಟೋ ಕಾಲ.)
ಗೋಡೆಯಾಚೆ ಮೈಮೂನಕ್ಕ.
ಅವರ ಮಡಿಲಲ್ಲೂ ಗೆರಸೆ.
ಇಬ್ಬರ ಬೀಡಿಯೂ ಒಂದೇ ಬ್ರಾಂಚಿಗೆ;
ಸರಿಯಿಲ್ಲ ಎಂದು ಇಬ್ಬರದನ್ನೂ ತೆಗೆದಿಡುವವ
ಒಬ್ಬನೇ.

ಎರಡನೇ ಮನೆ ಅವರದು.
ಉದ್ಯೋಗ: ಮೇಲಿನಂತೆ.
ಒಂಬತ್ತನೇ ಪ್ರಶ್ನೆಗೆ ಬರುವಷ್ಟರಲ್ಲಿ
ಪೆಟ್ಟಿಗೆಯೊಳಗೆ ಯಾರೋ ಕೂಗತೊಡಗಿದ.
ನಮ್ಮ ಸೇತುವೆ, ನಮ್ಮ ಸರ್ಕಲ್ಲು, ಯಾರದೋ ಉರಿದ ಬೈಕು.
ಮೈಮೂನಕ್ಕ ಎದ್ದರು. ತಗ್ಗಿಸಿದರು.
ನಮ್ಮ ಕಡೆಯ ಗೋಡೆಯನ್ನೊಮ್ಮೆ ನೋಡಿದರು.
ಅದೇ ಹೊತ್ತಿಗೆ ಗೋಡೆಯಾಚೆ
ಇನ್ನೊಂದು ಕೂಗು ಸಣ್ಣದಾಗುತ್ತ ಬಂತು.
ಇಷ್ಟು ವರ್ಷ ಆಚೆ ಕೂತಿದ್ದ ನನಗೆ
ಇದು ಎರಡು ಕಡೆಯದೆಂದು ಗೊತ್ತೇ ಇರಲಿಲ್ಲ.
"ಚಾ ಮಾಡಲಾ?" ಎಂದರು.
ಹತ್ತನೆಯದನ್ನು ನಾನು ಓದಲಿಲ್ಲ.

ರಾತ್ರಿ ಕೋಷ್ಟಕ ಹರವಿಕೊಂಡು ಕೂತೆ.
ತಗ್ಗಿಸುವುದಕ್ಕೆ ಅದರಲ್ಲಿ ಮನೆಯಿಲ್ಲ.
ಲೈಬ್ರರಿಯಿಂದ ತಂದ ಮೂರು ಪುಸ್ತಕದಲ್ಲೂ
ಪ್ರೇಕ್ಷಕ ಸೋಫಾದ ಮೇಲಿದ್ದಾನೆ,
ಕಾಲು ಚಾಚಿ, ಪರದೆಗೆ ಎದುರಾಗಿ.
ನಮ್ಮಲ್ಲಿ ಸೋಫಾ ಇಲ್ಲ ಎನ್ನುವುದು
ವಾದವಾಗುವುದಿಲ್ಲ, ಗೊತ್ತು.
ವಾದ ಇನ್ನೂ ಸಿಕ್ಕಿಲ್ಲ.
ಸಿಕ್ಕಿರುವುದು ಒಂದು ಕ್ರಿಯಾಪದ ಮಾತ್ರ.
ತುಳುವಿನಲ್ಲೂ ಕನ್ನಡದಲ್ಲೂ ನಮ್ಮವರು ಜಿಪುಣರು:
ಪ್ರಶ್ನೆ ಹಾಕುವುದಕ್ಕೂ ಕಿವಿಗೊಡುವುದಕ್ಕೂ
ಒಂದೇ ಮಾತು ಇಟ್ಟು ಸುಮ್ಮನಾಗಿದ್ದಾರೆ.
ಅದರ ಅರ್ಧವನ್ನಷ್ಟೇ ಹಿಡಿದು
ನಾನು ಮನೆಮನೆ ಅಲೆದೆ.

ಸೋಮವಾರ ಮೇಡಂ ಹಾಳೆ ಎಣಿಸಿದರು.
"ಎರಡು ಕಡಿಮೆ ಇದೆಯಲ್ಲ."
ಅವೆರಡು ಬ್ಯಾಗಿನಲ್ಲೇ ಇದ್ದವು,
ಮಡಿಕೆಯಲ್ಲಿ ಹೊಗೆಸೊಪ್ಪಿನ ಪುಡಿ,
ಒಂದರ ಮೇಲೆ ಚಾ ಲೋಟದ ಉಂಗುರ.
"ಇನ್ನೂ ಕೇಳುತ್ತಿದ್ದೇನೆ ಮೇಡಂ," ಎಂದೆ.