ಹನ್ನೊಂದನೇ ನಂಬರಿನ ಮನೆಯ ಅಡಿಗೆ

ಆ ಮನೆಗೆ ಮೂರೇ ಗೋಡೆ. ನಾಲ್ಕನೆಯ ಕಡೆ ಕ್ಯಾಮರಾ,
ಕ್ಯಾಮರಾದ ಬೆನ್ನಿಗೆ ನನ್ನ ಸೀಮೆಎಣ್ಣೆ ಸ್ಟವ್ವು.
ಬೋಳಾರದ ಮುಚ್ಚಿದ ಹೆಂಚಿನ ಕಾರ್ಖಾನೆಯೊಳಗೆ
ಪ್ಲೈವುಡ್ಡಿನಲ್ಲಿ ಎದ್ದ ಮನೆ,
ಸುತ್ತ ಸಾವಿರಾರು ಹೆಂಚು ರಾಶಿ ಬಿದ್ದಿದ್ದರೂ
ಅದರ ತಲೆಯ ಮೇಲೆ ಒಂದೂ ಇರಲಿಲ್ಲ ನೋಡಿ.

ತೊಂಬತ್ತೊಂದರಿಂದ ತೊಂಬತ್ತಾರು.
ಗುರುವಾರ ರಾತ್ರಿ ಎಂಟಕ್ಕೆ, ಕೇಬಲ್ಲಿನಲ್ಲಿ,
ಕಂಕನಾಡಿಯಿಂದ ಸುರತ್ಕಲ್ಲಿನವರೆಗೆ ವಯರು ಹೋದಲ್ಲೆಲ್ಲ
ಅಪ್ಪ, ಅಮ್ಮ, ಅಜ್ಜಿ, ಒಬ್ಬ ಮಗ, ಒಬ್ಬಳು ಮಗಳು,
ಇಪ್ಪತ್ತೆರಡು ನಿಮಿಷದಲ್ಲಿ ಮುಗಿಯುವಷ್ಟೇ ಜಗಳ.
ಕಳೆದ ಕೊಡೆ ಸಿಗುತ್ತಿತ್ತು.
ಮಾರ್ಕ್ಸ್ ಕಾರ್ಡಿನ ಸುಳ್ಳು ಬಯಲಾಗುತ್ತಿತ್ತು.
ಅಪ್ಪ ಕನ್ನಡಕ ಒರೆಸಿದರೆ ಸಾಕು, ಊರಿಗೇ ಗೊತ್ತು:
ಇನ್ನು ಬುದ್ಧಿಮಾತು, ಆಮೇಲೆ ಊಟ.

ಊಟದ್ದೇ ತಕರಾರು.

ಮೊದಲ ದಿನ ಕೇಳಿದೆ, ಇವರು ಯಾವ ಜನ?
ಒಳ್ಳೆಯ ಜನ, ಅಂದರು ಡೈರೆಕ್ಟರು ನಾಗಕುಮಾರ ಇಂದ್ರರು.
ಅದಲ್ಲ ಮಾರಾಯ್ರೆ, ಊಟಕ್ಕೆ ಎಂತ ಮಾಡಬೇಕು?
ಕೋರಿರೊಟ್ಟಿ ಅಂದರೆ ತಲೆಯಲ್ಲಾಡಿಸಿದರು, ಬಂಟರಾಗಿಬಿಡ್ತಾರೆ.
ಸನ್ನಾ? ಇಗರ್ಜಿಗೆ ಹೋಗಬೇಕಾಗ್ತದೆ.
ಪತ್ತಿರ್ ಬೇಡ, ದಾಳಿತೋಯೂ ಬೇಡ,
ತಂಬುಳಿ ಎನ್ನುವಷ್ಟರಲ್ಲಿ ಕೈಮುಗಿದರು.
ಹೆಸರಿಗೆ ಬಾಲವಿಲ್ಲದ ಆ ಸಂಸಾರಕ್ಕೆ
ಐದು ವರ್ಷ, ಇನ್ನೂರ ಹನ್ನೆರಡು ಕಂತು,
ನಾನು ಉಪ್ಪಿಟ್ಟು ಮಾಡಿದೆ.

ಅಪ್ಪ ವಾಲ್ಟರ್ ಸಲ್ದಾನ, ಬ್ಯಾಂಕಿನ ಗುಮಾಸ್ತ.
ಅಮ್ಮ ಸುಗುಣಾ ಬಂಗೇರ, ಬೆಳಿಗ್ಗೆ ಶಾಲೆ, ಸಂಜೆ ಮೇಕಪ್ಪು.
ಮಗಳು ಕಾರ್‌ಸ್ಟ್ರೀಟಿನ ಶಾಂತೇರಿ, ಮಗ ಬಂದರಿನ ಇಮ್ತಿಯಾಜ್.
ಅಜ್ಜಿ, ಉಡುಪಿಯಿಂದ ಬಸ್ಸಿನಲ್ಲಿ ಬರುವ ಕಮಲಾಕ್ಷಿಯಮ್ಮ,
ಕುಡಿಯುವ ನೀರನ್ನೂ ಮನೆಯಿಂದಲೇ ತರುವವರು.
ಒಂದು ತುತ್ತು ಬಾಯಿಗಿಟ್ಟರೆ ಡಯಲಾಗು. ಕಟ್.
ಮತ್ತೆ ಅದೇ ತುತ್ತು. ತಣ್ಣಗಾದ ಉಪ್ಪಿಟ್ಟು
ಸಿಮೆಂಟಿನ ಹಾಗೆ; ಆ ಮನೆ ನಿಂತದ್ದೇ ಅದರಲ್ಲೋ ಏನೋ.

ಲೈಟು ಆರಿದ ಮೇಲೆ ಅದೇ ಸ್ಟವ್ವಿನಲ್ಲಿ
ನನ್ನ ಅಸಲು ಅಡಿಗೆ. ದಕ್ಕೆಯಿಂದ ತಮ್ಮ ತಂದ ಬಂಗುಡೆ,
ಕೊತಕೊತ ಕುದಿಯುವ ಪುಳಿಮುಂಚಿ.
ಏಳನೆಯ ಮೆಟ್ಟಿಲಲ್ಲೇ ಮುಗಿದುಹೋಗುವ ಸುಳ್ಳು ಮಹಡಿಮೆಟ್ಟಿಲಲ್ಲಿ
ಸಾಲಾಗಿ ಕೂತು ಅವರೆಲ್ಲ ಬೆರಳು ನೆಕ್ಕುತ್ತಿದ್ದರು.
ಕಮಲಾಕ್ಷಿಯಮ್ಮ ದೂರ, ಗೋಡೆಗೆ ಮುಖ, ಮೊಸರನ್ನ.

ಆ ಡಿಸೆಂಬರಿನಲ್ಲಿ ಕರ್ಫ್ಯೂ ಬಿತ್ತು.
ಶೂಟಿಂಗು ಮತ್ತೆ ಶುರುವಾದಾಗ ಇಮ್ತಿಯಾಜ್ ಬರಲಿಲ್ಲ,
ಮನೆಯಲ್ಲಿ ಬಿಡಲಿಲ್ಲ.
ಇಂದ್ರರು ರಾತ್ರೋರಾತ್ರಿ ಬರೆದರು,
ಮಗ ಎನ್‌ಸಿಸಿ ಕ್ಯಾಂಪಿಗೆ ಹೋಗಿದ್ದಾನೆ.
ಮೂರು ಗುರುವಾರ ಊರು ಅದನ್ನೇ ನಂಬಿತು.
ನಾನು ಐದು ತಟ್ಟೆಯನ್ನೇ ಇಟ್ಟೆ.
ಯಾರೂ ತೆಗೆ ಅನ್ನಲಿಲ್ಲ.
ನಾಲ್ಕನೆಯ ವಾರ ಸಲ್ದಾನರು ಬ್ಯಾಂಕಿನಿಂದ ನೇರ
ಬಂದರಿಗೆ ಸ್ಕೂಟರು ತಿರುಗಿಸಿದರು,
ಮೂಗಿನ ಮೇಲೆ ಸೀರಿಯಲ್ಲಿನ ಕನ್ನಡಕ.
ಬಾಗಿಲು ತೆರೆದ ಹುಡುಗನ ಉಮ್ಮ
ಒಳಗೆ ತಿರುಗಿ ಕೂಗಿದಳಂತೆ,
ನಿನ್ನ ಟೀವಿಯ ಅಪ್ಪ ಬಂದಿದ್ದಾರೆ.
ಸಲ್ದಾನರು ಕನ್ನಡಕ ಒರೆಸಿದರಂತೆ.
ಬುದ್ಧಿಮಾತು ಹೇಳಲಿಲ್ಲವಂತೆ.

ಕಮಲಾಕ್ಷಿಯಮ್ಮನ ಕುರ್ಚಿಯ ಬಗ್ಗೆ ಹೇಳಬೇಕು.
ಅದು ವರ್ಷಕ್ಕೊಂದು ಮೊಳ ಇತ್ತ ಸರಿಯಿತು;
ನೆಲದ ಗೀರು ನೋಡಿ ಅಳೆದವಳು ನಾನು.
ಕೊನೆಗೆ ನಮ್ಮ ಮೆಟ್ಟಿಲಿಗೇ ತಾಗಿತು,
ಮೊಸರನ್ನ ಮೊಸರನ್ನವಾಗಿಯೇ.
ಮೀನು ಅವರು ತಿನ್ನಲಿಲ್ಲ.
ತಿನ್ನಿ ಅಂತ ನಾವೂ ಹೇಳಲಿಲ್ಲ.

ಆಮೇಲೆ ದೊಡ್ಡ ಚಾನೆಲ್ಲುಗಳು ಬಂದವು.
ಅತ್ತೆ ಹಾಲಿಗೆ ವಿಷ ಬೆರೆಸುವ ಕತೆಗಳೆದುರು
ಕೊಡೆ ಕಳೆದುಕೊಳ್ಳುವ ಮನೆ ನಿಲ್ಲಲಿಲ್ಲ.
ಪ್ಲೈವುಡ್ಡು ಯಾರದೋ ಕೋಳಿಗೂಡಾಯಿತು.
ಕ್ಯಾಸೆಟ್ಟುಗಳ ಮೇಲೆ ಮದುವೆಗಳನ್ನು ತುಂಬಿಸಿದರು,
ಉಳಿದವಕ್ಕೆ ನಮ್ಮೂರ ಹವೆಯೇ ಸಾಕಲ್ಲ, ಬೂಷ್ಟು ಹಿಡಿಯಿತು.

ಒಂದು ನನ್ನಲ್ಲಿ ಉಂಟು. ನೂರ ಎಂಬತ್ತನೆಯ ಕಂತು.
ಎಲ್ಲರೂ ಊಟಕ್ಕೆ ಕೂತಿದ್ದಾರೆ, ಗೆರೆಗೆರೆ ಚಿತ್ರ.
ಅಜ್ಜಿ ಮಾತಿನ ನಡುವೆ ಒಮ್ಮೆ ನಿಲ್ಲುತ್ತಾರೆ,
ಮೂಗು ಚೂರು ಮೇಲೆತ್ತಿ
ಕ್ಯಾಮರಾದಾಚೆ ನೋಡಿ ನಗುತ್ತಾರೆ.
ಅಂದು ಪುಳಿಮುಂಚಿಗೆ ನಾನು ಸ್ವಲ್ಪ ಬೇಗ ಇಟ್ಟಿದ್ದೆ.
ಊರೆಲ್ಲ ಅಂದುಕೊಂಡಿತು,
ಉಪ್ಪಿಟ್ಟು ಅಷ್ಟು ರುಚಿಯಾಗಿರಬೇಕು.